ತಲೆಗೆ ಪೆಟ್ಟಾದವರು ಮತ್ತೆ ಕೆಲಸಕ್ಕೆ ಹೋಗೋದು ಹೇಗೆ? ಅಂಗಡಿ, ಮಂಡಿ, ತೋಟದ ಮಾಲೀಕರೂ ತಿಳಿದಿರಬೇಕಾದ ವಿಷಯ

ಸಾಗರ: ಡಿಸ್ಚಾರ್ಜ್ ಆಗಿ ಬಂದ ದಿನ ಮನೆ ತುಂಬ ಜನ. "ಜೀವ ಉಳೀತಲ್ಲ, ಸಾಕು" ಅಂತ ಎಲ್ಲರೂ ಸಮಾಧಾನ ಹೇಳಿ ಹೋಗ್ತಾರೆ. ಹೊಲಿಗೆ ಬಿಚ್ಚುತ್ತಾರೆ, ಬೋಳಿಸಿದ ಕೂದಲು ಬೆಳೆಯುತ್ತೆ, ಗಾಯದ ಗುರುತು ಮುಚ್ಚಿ ಹೋಗುತ್ತೆ. ಎರಡು ತಿಂಗಳು ಕಳೆಯುವ ಹೊತ್ತಿಗೆ ಅದೇ ಜನ "ನೋಡಕ್ಕೆ ಆರಾಮಾಗೇ ಇದಾನಲ್ಲ, ಇನ್ನೂ ಯಾಕೆ ಕೆಲಸಕ್ಕೆ ಹೋಗಲ್ಲ?" ಅಂತ ಕೇಳಕ್ಕೆ ಶುರು ಮಾಡ್ತಾರೆ. ಸರಿ ಅಂತ ಕೆಲಸಕ್ಕೆ ಹೋದರೆ ಹದಿನೈದು ದಿನಕ್ಕೆ ಮಾಲೀಕರಿಂದ ಮನೆಗೆ ಫೋನ್. "ಇವನು ಮೊದಲಿನ ಹಾಗಿಲ್ಲ ಕಣ್ರಿ. ಸ್ವಲ್ಪ ದಿನ ಮನೇಲೇ ಇರಲಿ."

ಆ "ಸ್ವಲ್ಪ ದಿನ" ಎಷ್ಟೋ ಮನೆಗಳಲ್ಲಿ ವರ್ಷ ಆಗಿದೆ.

ನಮ್ಮ ಮನೆಯಲ್ಲೂ ಆಗಿದೆ. ನನ್ನ ಚಿಕ್ಕಪ್ಪನ ಮಗ, ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ದಿನಸಿ ಅಂಗಡಿಯೊಂದರ ಕೌಂಟರ್‌ನಲ್ಲಿ ಇದ್ದ. ಮಳೆಗಾಲದ ಒಂದು ರಾತ್ರಿ ಅಂಗಡಿ ಮುಚ್ಚಿ ಬರುವಾಗ ತಿರುವಿನಲ್ಲಿ ಬೈಕ್ ಜಾರಿತು. ಹೆಲ್ಮೆಟ್ ಪೆಟ್ರೋಲ್ ಟ್ಯಾಂಕ್ ಮೇಲಿತ್ತು. ಅವನು ಮನೆಯಲ್ಲಿ ಕೂತ ವರ್ಷವೇ ನಾನು ಬಿ.ಕಾಂ. ಅರ್ಧಕ್ಕೆ ನಿಲ್ಲಿಸಿದ್ದು. ಇದೊಂದೇ ಕಾರಣ ಅಂತಲ್ಲ. ಆದರೆ ಬರೋ ಸಂಬಳ ನಿಂತರೆ ಯಾರಾದರೂ ಒಬ್ಬರು ದುಡಿಯಲೇಬೇಕು ಅಲ್ವಾ. ಅವತ್ತು ನಮಗೆ ಯಾರೂ ಹೇಳದೇ ಇದ್ದ ವಿಷಯಗಳನ್ನು ಇಲ್ಲಿ ಬರೀತಿದೀನಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲಸಗಳನ್ನೇ ಉದಾಹರಣೆಗೆ ತಗೊಂಡಿದೀನಿ.

ಪೆಟ್ಟು ಎಲ್ಲಿಂದ ಬರುತ್ತೆ

ಭಾರತದಲ್ಲಿ ಮೆದುಳಿಗೆ ಆಗುವ ಪೆಟ್ಟಿನ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ 2002ರಲ್ಲಿ ಪ್ರಕಟಿಸಿದ ಲೇಖನವನ್ನು ಇವತ್ತಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಪ್ರಕಾರ ಸುಮಾರು ಶೇ 60ರಷ್ಟು ಪೆಟ್ಟು ರಸ್ತೆ ಅಪಘಾತದಿಂದ, ಶೇ 20ರಿಂದ 25ರಷ್ಟು ಬಿದ್ದು ಆಗುವಂಥದ್ದು. ನಮ್ಮ ಕಡೆ 'ಬಿದ್ದು' ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೊಳೆಗೆ ಔಷಧಿ ಹೊಡೆಯಲು ಪಾಚಿ ಕಟ್ಟಿದ ಮರ ಹತ್ತುತ್ತಾರೆ, ಆಮೇಲೆ ಕೊನೆ ತೆಗೆಯೋಕೆ ಮತ್ತೆ ಹತ್ತುತ್ತಾರೆ. ಹೆಂಚು ಹೊದಿಸಲು ಮಾಡು ಹತ್ತಿದವರು, ಸೊಪ್ಪು ಕಡಿಯಲು ಹೋದವರು ಬೇರೆ.

ಮೆದುಳು ಮೆತ್ತಗಿನ ವಸ್ತು, ಗಟ್ಟಿ ಬುರುಡೆಯ ಒಳಗೆ ನೀರಿನಲ್ಲಿ ಕೂತಿರುತ್ತೆ. ತಲೆ ಜೋರಾಗಿ ಬಡಿದಾಗ ಒಳಗೇ ಅಲ್ಲಾಡಿ ಬುರುಡೆಗೆ ಹೊಡೆದುಕೊಳ್ಳುತ್ತೆ. ಹಣೆಯ ಹಿಂದಿನ ಭಾಗ ಮತ್ತು ಕಿವಿಯ ಪಕ್ಕದ ಭಾಗ ಹೆಚ್ಚು ಜಜ್ಜಿ ಹೋಗುವುದು, ಯಾಕೆಂದರೆ ಅಲ್ಲಿ ಬುರುಡೆಯ ಒಳಗಿನ ಮೂಳೆ ಒರಟಾಗಿದೆ. ಹಣೆಯ ಹಿಂದಿನ ಭಾಗ ನೋಡಿಕೊಳ್ಳೋದು ಏನನ್ನ? ಯೋಜನೆ ಹಾಕೋದು, ಗಮನ ಇಡೋದು, ಸಿಟ್ಟು ತಡೆಯೋದು, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗೋದು. ಕಿವಿ ಪಕ್ಕದ ಭಾಗದ್ದು ನೆನಪು. ಅಂದ್ರೆ ಅಂಗಡಿ ಕೌಂಟರ್‌ನಲ್ಲಿ ನಿಂತವರಿಗೆ ಬೇಕಾಗಿದ್ದೆಲ್ಲ ಅಲ್ಲೇ ಇದೆ. ಕೈಕಾಲು ಸರಿ ಇರುತ್ತೆ, ಮಾತು ಸರಿ ಇರುತ್ತೆ, ನೋಡುವವರಿಗೆ ಏನೂ ಕಾಣಲ್ಲ.

ಆಸ್ಪತ್ರೆಗೆ ಸೇರಿಸಿದಾಗ ಚೀಟಿಯಲ್ಲಿ 'ಜಿ.ಸಿ.ಎಸ್.' ಅಂತ ಬರೆದಿರುತ್ತಾರೆ. ಎಚ್ಚರದ ಅಳತೆ ಅದು, ಪೂರ್ತಿ ಎಚ್ಚರ ಇದ್ದರೆ 15. 13ರಿಂದ 15 ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆ ತೀವ್ರ. ಸಣ್ಣ ಪೆಟ್ಟಿನವರು ಬಹಳಷ್ಟು ಜನ ಕೆಲವು ವಾರದಿಂದ ಮೂರು ತಿಂಗಳೊಳಗೆ ಸುಧಾರಿಸುತ್ತಾರೆ. ಉಳಿದವರದ್ದು ನಿಧಾನ. ಮೊದಲ ಆರು ತಿಂಗಳಲ್ಲಿ ಚೇತರಿಕೆ ಚುರುಕು, ಆಮೇಲೆ ಒಂದೆರಡು ವರ್ಷದವರೆಗೂ ಸ್ವಲ್ಪ ಸ್ವಲ್ಪ ಸುಧಾರಿಸುತ್ತಾ ಹೋಗುತ್ತೆ. ಈ ಚೀಟಿ ಬಿಸಾಡಬೇಡಿ, ಮುಂದೆ ಬೇಕಾಗುತ್ತೆ.

ಕೆಲಸದ ಜಾಗದಲ್ಲಿ ಏನು ಕೆಡುತ್ತೆ

ಎಲ್ಲಕ್ಕಿಂತ ದೊಡ್ಡದು ಸುಸ್ತು. ಮೂಟೆ ಹೊತ್ತು ಬರುವ ಸುಸ್ತಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಹನ್ನೊಂದೂವರೆಗೆ ಫೋನ್ ಚಾರ್ಜ್ ಮುಗಿದ ಹಾಗೆ ಆಗ್ತಾರೆ. ಮೊದಲು ಸಲೀಸಾಗಿ ನಡೀತಿದ್ದ ಕೆಲಸಕ್ಕೆ ಈಗ ಮೆದುಳು ಎರಡರಷ್ಟು ಶ್ರಮ ಹಾಕಬೇಕಾಗುತ್ತೆ, ಅದಕ್ಕೆ ಹೀಗೆ. ಮಾಲೀಕರಿಗೆ ಇದು ಸೋಮಾರಿತನದ ಹಾಗೆ ಕಾಣುತ್ತೆ.

ಎರಡನೆಯದು, ಒಟ್ಟೊಟ್ಟಿಗೆ ಎರಡು ಕೆಲಸ. ದಿನಸಿ ಅಂಗಡಿಯಲ್ಲಿ ಒಬ್ಬರು ಅರ್ಧ ಕೆ.ಜಿ. ಸಕ್ಕರೆ ಕೇಳ್ತಾರೆ, ಇನ್ನೊಬ್ಬರು ಉದ್ರಿ ಬರ್ಕೋ ಅಂತಾರೆ, ಫೋನ್‌ಪೇ ಬಾಕ್ಸ್ ಕೂಗುತ್ತೆ, ಹೊರಗೆ ಲಾರಿ ಹಾರನ್. ನಮ್ಮ ಅಣ್ಣ ಎಡವಿದ್ದು ಇಲ್ಲೇ. ತೂಕ ಸರಿ ಹಾಕ್ತಿದ್ದ, ಲೆಕ್ಕ ಸರಿ ಮಾಡ್ತಿದ್ದ. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಮುಗೀತು, ಕೊಟ್ಟ ಐನೂರು ರೂಪಾಯಿಗೆ ಚಿಲ್ಲರೆ ಕೊಟ್ಟನಾ ಇಲ್ವಾ ಅನ್ನೋದೇ ಮರೆತುಹೋಗ್ತಿತ್ತು. ತಿಂಗಳ ಕೊನೆಗೆ ಗಲ್ಲಾ ಲೆಕ್ಕ ತಾಳೆ ಆಗಲಿಲ್ಲ. ಅವನ ಮೇಲೆ ಬೇರೆ ರೀತಿ ಅನುಮಾನ ಬಂತು. ಹನ್ನೊಂದು ವರ್ಷ ಅದೇ ಅಂಗಡಿಯಲ್ಲಿ ದುಡಿದವನು. ಕೆಲಸ ಹೋಗಿದ್ದಕ್ಕಿಂತ ಆ ಮಾತು ಅವನಿಗೆ ಜಾಸ್ತಿ ನೋವು ಕೊಟ್ಟಿದ್ದು.

ಮೂಗಿನ ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ತಲೆಗೆ ಪೆಟ್ಟಾದಾಗ ವಾಸನೆಯ ನರಗಳು ಹರಿದು ಹೋಗಬಹುದು. ಹೋಟೆಲ್ ಅಡುಗೆಯವರು, ಬೇಕರಿಯವರು, ಕ್ಯಾಟರಿಂಗ್‌ಗೆ ಹೋಗೋರಿಗೆ ಇದು ಸಣ್ಣ ವಿಷಯ ಅಲ್ಲ. ಹಾಲು ಕೆಟ್ಟಿದೆಯಾ, ಗ್ಯಾಸ್ ಸೋರ್ತಿದೆಯಾ, ಒಗ್ಗರಣೆ ಸೀದಿದೆಯಾ ಅನ್ನೋದು ಅವರಿಗೆ ಗೊತ್ತಾಗಲ್ಲ. ಅಡುಗೆ ಮನೆಗೆ ವಾಪಸ್ ಹೋಗುವ ಮೊದಲು ಕಾಫಿಪುಡಿ, ಬೆಳ್ಳುಳ್ಳಿ ಮೂಸಿ ನೋಡಿದರೆ ಮನೆಯಲ್ಲೇ ಅಂದಾಜು ಸಿಗುತ್ತೆ.

ಆಮೇಲೆ ಸಿಟ್ಟು. ಜೊತೆಗೆ, ತನಗೆ ಏನೋ ಆಗಿದೆ ಅನ್ನೋದೇ ಕೆಲವರಿಗೆ ಗೊತ್ತಾಗಲ್ಲ. "ನಂಗೇನಾಗಿದೆ, ಚೆನ್ನಾಗೇ ಇದೀನಿ" ಅಂತ ಜಗಳ ಆಡ್ತಾರೆ. ಅದು ಹಠ ಅಲ್ಲ. ತನ್ನ ತಪ್ಪನ್ನು ತಾನೇ ಗಮನಿಸುವ ಶಕ್ತಿಗೇ ಪೆಟ್ಟು ಬಿದ್ದಿರುತ್ತೆ. ಅದಕ್ಕೇ ಡಾಕ್ಟರ್ ಹತ್ತಿರ ಹೋಗುವಾಗ ಮನೆಯವರೊಬ್ಬರು ಜೊತೆಗಿರಬೇಕು, ಸಾಧ್ಯವಾದರೆ ಕೆಲಸದ ಜಾಗದವರ ಮಾತನ್ನೂ ತಿಳಿಸಬೇಕು.

ಕುದುರೆ ಗಾಡಿ ಓಡಿಸಿದ ಗೇಜ್

ವೈದ್ಯಕೀಯ ಪುಸ್ತಕಗಳಲ್ಲಿ ಎಲ್ಲರೂ ಓದುವ ಒಂದು ಕೇಸ್ ಇದೆ. ಅಮೆರಿಕದ ವರ್ಮಾಂಟ್‌ನಲ್ಲಿ ರೈಲ್ವೆ ಹಳಿಗಾಗಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿ ಫಿನಿಯಾಸ್ ಗೇಜ್, ವಯಸ್ಸು 25. 1848ರ ಸೆಪ್ಟೆಂಬರ್ 13ರಂದು ಮದ್ದು ಸಿಡಿದು, ಸುಮಾರು ಆರು ಕೆ.ಜಿ. ತೂಕದ ಕಬ್ಬಿಣದ ಸಲಾಕೆ ಅವರ ಎಡಗೆನ್ನೆಯ ಕೆಳಗಿಂದ ಹೊಕ್ಕು ನೆತ್ತಿಯಿಂದ ಹೊರಗೆ ಹೋಯಿತು. ಆದರೂ ಬದುಕಿದರು. ಸುಧಾರಿಸಿ ಬಂದಾಗ ಕಂಪನಿಯವರು ಮೇಸ್ತ್ರಿ ಕೆಲಸ ವಾಪಸ್ ಕೊಡಲಿಲ್ಲ, ಯಾಕೆಂದರೆ ಸ್ವಭಾವವೇ ಬದಲಾಗಿತ್ತು. ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ.

ಆಮೇಲಿನದ್ದು ನಮಗೆ ಬೇಕಾದದ್ದು. ಗೇಜ್ ಮೊದಲು ಕುದುರೆ ಲಾಯದಲ್ಲಿ ಕೆಲಸ ಮಾಡಿದರು. 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಅಲ್ಲಿ ಸುಮಾರು ಏಳು ವರ್ಷ ಪ್ರಯಾಣಿಕರ ಕುದುರೆ ಗಾಡಿ ಓಡಿಸಿದರು. ಜನರನ್ನು ಹತ್ತಿಸಿ ಇಳಿಸಿ, ಹಲವು ಕುದುರೆ ಕಟ್ಟಿದ ಗಾಡಿ ನಡೆಸೋದು ಸುಲಭದ ಕೆಲಸ ಅಲ್ಲ. ಅವರ ಬಗ್ಗೆ ದಾಖಲೆ ಹುಡುಕಿದ ಸಂಶೋಧಕ ಮಾಲ್ಕಂ ಮ್ಯಾಕ್‌ಮಿಲನ್ ಅವರ ಅಂದಾಜು ಹೀಗಿದೆ: ದಿನಾ ಅದೇ ಹೊತ್ತು, ಅದೇ ದಾರಿ, ಅದೇ ಕ್ರಮ ಇದ್ದ ಕೆಲಸವೇ ಗೇಜ್ ಅವರನ್ನು ಸುಧಾರಿಸಿರಬೇಕು. ಹತ್ತಾರು ಜನರನ್ನು ನಿಭಾಯಿಸುವ ಮೇಸ್ತ್ರಿಗಿರಿ ಆಗದವರಿಗೆ, ಕ್ರಮ ಇರುವ ಇನ್ನೊಂದು ಕೆಲಸ ಆಯಿತು.

ಕ್ರಿಕೆಟ್ ನೋಡುವ ಹಿರಿಯರಿಗೆ ನಾರಿ ಕಾಂಟ್ರಾಕ್ಟರ್ ನೆನಪಿರಬಹುದು. 1962ರ ಮಾರ್ಚ್‌ನಲ್ಲಿ ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತದ ಆ ನಾಯಕನ ಬುರುಡೆ ಒಡೆಯಿತು. ಮತ್ತೆ ಟೆಸ್ಟ್ ಆಡಲು ಆಗಲಿಲ್ಲ. ಆದರೆ ಒಂದು ವರ್ಷ ತುಂಬುವ ಮೊದಲೇ ಪ್ರಥಮ ದರ್ಜೆ ಕ್ರಿಕೆಟ್‌ಗೆ ವಾಪಸ್ ಬಂದು ವರ್ಷಗಟ್ಟಲೆ ಆಡಿದರು.

ಅಂಗಡಿಯಲ್ಲಿ ಹೇಗೆ ಶುರು ಮಾಡೋದು

ನಮ್ಮಲ್ಲಿ ಆಗುವ ತಪ್ಪು ಒಂದೇ. ಒಂದೋ ಪೂರ್ತಿ ಕೆಲಸ, ಇಲ್ಲಾ ಪೂರ್ತಿ ಮನೆ. ಮೊದಲ ದಿನವೇ ಹಳೇ ಜಾಗದಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟೂವರೆವರೆಗೆ ನಿಲ್ಲಿಸಿದರೆ ಯಾರಿಗೂ ಆಗಲ್ಲ. ಕಾಲು ಮುರಿದವರಿಗೆ ಮೊದಲ ದಿನವೇ ಕೊಡಚಾದ್ರಿ ಹತ್ತು ಅಂತ ಯಾರೂ ಹೇಳಲ್ಲ.

ದಿನಸಿ ಅಂಗಡಿಯನ್ನೇ ತಗೊಳ್ಳಿ. ಮೊದಲ ಎರಡು ವಾರ ದಿನಕ್ಕೆ ಎರಡು ಗಂಟೆ ಸಾಕು, ಅದೂ ಬೆಳಿಗ್ಗೆ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ. ಒಳಗೆ ಕೂತು ಬೇಳೆ, ಅಕ್ಕಿ ಪೊಟ್ಟಣ ಕಟ್ಟೋದು. ಅದು ಸಲೀಸಾದ ಮೇಲೆ ಚೀಟಿ ನೋಡಿ ಸಾಮಾನು ಜೋಡಿಸೋದು. ಆಮೇಲೆ ಒಬ್ಬೊಬ್ಬ ಗಿರಾಕಿ. ಗಲ್ಲಾ ಎಲ್ಲಕ್ಕಿಂತ ಕೊನೆಗೆ, ಅದೂ ಇನ್ನೊಬ್ಬರು ಪಕ್ಕದಲ್ಲಿ ಇದ್ದಾಗ. ಗಲ್ಲಾ ಕೊಡದಿದ್ದರೆ ನಂಬಿಕೆ ಇಲ್ಲ ಅಂತ ಅರ್ಥ ಅಲ್ಲ ಅನ್ನೋದನ್ನ ಮೊದಲೇ ಬಾಯಿ ಬಿಟ್ಟು ಹೇಳಿ. ಇಲ್ಲದಿದ್ದರೆ ಅವರು ಹಾಗೇ ತಿಳ್ಕೊಳ್ತಾರೆ. ಸಂತೆ ದಿನ, ಹಬ್ಬದ ಹಿಂದಿನ ದಿನ ಸದ್ಯಕ್ಕೆ ಬೇಡ.

ಕೆಲಸ ಹೇಳೋರು ಒಬ್ಬರೇ ಇರಲಿ. ಯಜಮಾನರು ಒಂದು, ಅವರ ಮಗ ಇನ್ನೊಂದು ಹೇಳಿದರೆ ಎರಡೂ ಕೆಡುತ್ತೆ. ಒಂದು ಹೇಳಿ, ಮುಗಿದ ಮೇಲೆ ಇನ್ನೊಂದು ಹೇಳಿ. ಜೇಬಲ್ಲಿ ಸಣ್ಣ ನೋಟ್‌ಬುಕ್ಕು, ಫೋನಿನಲ್ಲಿ ಅಲಾರಂ. "ಅಷ್ಟೂ ನೆನಪಿರಲ್ವಾ" ಅಂತ ಗಿರಾಕಿ ಎದುರು ಅನ್ನಬೇಡಿ. ಹನ್ನೊಂದು ಗಂಟೆಗೆ ಚಹಾ ಕುಡಿದು ಹಿಂದಿನ ಗೋಡೌನ್‌ನಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಲು ಬಿಡಿ. ಇಪ್ಪತ್ತು ನಿಮಿಷ ಹೋಯ್ತು ಅಂತ ಅನ್ನಿಸಬಹುದು, ಆದರೆ ಆಮೇಲಿನ ಎರಡು ಗಂಟೆ ಉಳಿಯುತ್ತೆ.

ಇದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು ಅಂತ ಬರೆಯೋದು ಸುಲಭ. ಇಬ್ಬರೇ ಕೆಲಸದವರು ಇರುವ ಅಂಗಡಿಯಲ್ಲಿ ಒಬ್ಬರು ಎರಡು ಗಂಟೆ ಬಂದರೆ ಉಳಿದ ಹೊತ್ತು ಯಾರು ನೋಡ್ತಾರೆ ಅನ್ನೋದು ನಿಜವಾದ ಪ್ರಶ್ನೆಯೇ. ಸಂಬಳ ಗಂಟೆ ಲೆಕ್ಕದಲ್ಲಿ ಮಾತಾಡಿಕೊಳ್ಳೋದು ಇಬ್ಬರಿಗೂ ಒಳ್ಳೆಯದು. ಪೂರ್ತಿ ಸಂಬಳ ಕೊಟ್ಟು ಒಳಗೊಳಗೇ ಬೇಜಾರು ಮಾಡಿಕೊಳ್ಳುವ ಮಾಲೀಕರಿಗಿಂತ, ಗಂಟೆ ಲೆಕ್ಕ ಮೊದಲೇ ಹೇಳಿ ಮೂರು ತಿಂಗಳು ನೋಡೋಣ ಅನ್ನುವವರು ಮೇಲು.

ತೋಟದ ಕೆಲಸ: ಮರ ಹತ್ತಬೇಡಿ, ತೋಟ ಬಿಡಬೇಕಾಗಿಲ್ಲ

ಕೊನೆ ತೆಗೆಯುವವರ ವಿಷಯ ಬೇರೆ. ತಲೆಗೆ ದೊಡ್ಡ ಪೆಟ್ಟಾದವರಲ್ಲಿ ಕೆಲವರಿಗೆ ಮುಂದೆ ಫಿಟ್ಸ್ ಬರುತ್ತೆ, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ. ಗೇಜ್ ಕೂಡ ಹನ್ನೊಂದು ವರ್ಷ ಕಳೆದು, ಫಿಟ್ಸ್ ಬಂದು 1860ರಲ್ಲಿ ತೀರಿಕೊಂಡಿದ್ದು. ತಲೆಸುತ್ತು, ತೂಕ ತಪ್ಪೋದು ಇನ್ನೂ ಸಾಮಾನ್ಯ. ಹಾಗಾಗಿ ಡಾಕ್ಟರ್ ಸ್ಪಷ್ಟವಾಗಿ ಹೇಳುವ ತನಕ ಮರ, ಬಾವಿಕಟ್ಟೆ, ಕೆರೆ, ಕಳೆ ಹೊಡೆಯೋ ಮಷಿನ್, ಅಡಿಕೆ ಬೇಯಿಸೋ ಹಂಡೆ ಹತ್ತಿರ ಒಬ್ಬರೇ ಇರೋದು ಬೇಡ. ಮಾತ್ರೆ ಸ್ವಂತ ಬುದ್ಧಿಯಿಂದ ನಿಲ್ಲಿಸೋದೂ ಬೇಡ.

ಆದರೆ ಕೈಗೆ ಕಲಿತ ಕೆಲಸ ಬೇಗ ಹೋಗಲ್ಲ. ನಿನ್ನೆ ಯಾರು ಬಂದಿದ್ದರು ಅನ್ನೋದು ಮರೆತವರೂ ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಸರಿಯಾಗೇ ಮಾಡಬಲ್ಲರು, ಯಾಕೆಂದರೆ ಆ ನೆನಪು ಮೆದುಳಿನ ಬೇರೆ ಜಾಗದಲ್ಲಿದೆ. ಅಂಗಳದಲ್ಲಿ ಅಡಿಕೆ ಒಣಗಿಸೋದು, ಹರಡೋದು, ರಾಶಿ, ಬೆಟ್ಟೆ, ಗೊರಬಲು ಬೇರೆ ಬೇರೆ ಆರಿಸೋದು, ಕಾಳುಮೆಣಸು ಬಿಡಿಸೋದು, ನರ್ಸರಿ ಚೀಲಕ್ಕೆ ಮಣ್ಣು ತುಂಬೋದು ಇವೆಲ್ಲ ನೆಲದ ಮೇಲಿನ ಕೆಲಸ, ಗಲಾಟೆ ಕಡಿಮೆ. ಈಗ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊನೆ ತೆಗೆಯೋರು ಹೆಚ್ಚಾಗಿದಾರೆ. ಚೆನ್ನಾಗಿ ಸುಧಾರಿಸಿದ ಮೇಲೆ ಅದನ್ನೂ ಕೇಳಿ ನೋಡಬಹುದು. ಆದರೆ ತಲೆ ಮೇಲೆತ್ತಿ ಇಡೀ ದಿನ ನೋಡೋ ಕೆಲಸ, ತಲೆಸುತ್ತು ಇರೋರಿಗೆ ಆಗಲ್ಲ. ಕೊನೆ ತೆಗೆಯುವವರ ದಿನಗೂಲಿ ಅಂಗಳದ ಕೆಲಸಕ್ಕೆ ಸಿಗಲ್ಲ ಅನ್ನೋದೂ ಸತ್ಯ, ಮುಚ್ಚಿಡೋದು ಬೇಡ.

ಆಟೋ, ಗೂಡ್ಸ್ ಗಾಡಿ, ಟ್ರ್ಯಾಕ್ಟರ್ ಓಡಿಸುವವರಿಗೆ ಇನ್ನೂ ಕಷ್ಟ. ಲೈಸೆನ್ಸ್ ಅರ್ಜಿಯಲ್ಲೇ ಮೂರ್ಛೆ ರೋಗ ಇದೆಯಾ, ಪ್ರಜ್ಞೆ ತಪ್ಪುತ್ತಾ ಅಂತ ಕೇಳ್ತಾರೆ. ಫಿಟ್ಸ್ ಇರೋರು ಅದನ್ನು ಮುಚ್ಚಿಟ್ಟು ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಗಾಡಿ ಓಡಿಸಿದರೆ ಅಪಾಯ ಅವರೊಬ್ಬರಿಗೆ ಅಲ್ಲ. ಗಾಡಿ ಇದ್ದರೆ ಚಾಲಕರನ್ನು ಇಟ್ಟು ಬಾಡಿಗೆ, ಲೋಡಿಂಗ್ ನೋಡಿಕೊಳ್ಳೋದು ಕೆಲವರು ಹಿಡಿದಿರುವ ದಾರಿ.

ಕಾಗದ ಪತ್ರ

ಇಲ್ಲಿ ಸ್ವಲ್ಪ ಬೋರ್ ಆಗಬಹುದು, ಆದರೆ ದುಡ್ಡು ಇರೋದು ಇಲ್ಲೇ.

ರಸ್ತೆ ಅಪಘಾತದಲ್ಲಿ ಎದುರಿನ ವಾಹನದ್ದು ತಪ್ಪಿದ್ದರೆ ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. "ಮೊದಲು ಗುಣ ಆಗಲಿ, ಆಮೇಲೆ ನೋಡೋಣ" ಅಂತ ಕೂತರೆ ತೊಂದರೆ. ನೀವು ವಾಸ ಇರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು, ಅಪಘಾತ ಆದ ಊರಿಗೇ ಹೋಗಬೇಕು ಅಂತಿಲ್ಲ.

ಪರಿಹಾರ ಎಷ್ಟು ಅನ್ನೋದಕ್ಕೆ ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ 2010ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಮುಖ್ಯ. ದೇಹಕ್ಕೆ ಎಷ್ಟು ಪರ್ಸೆಂಟ್ ಊನ ಆಗಿದೆ ಅನ್ನೋದೂ, ದುಡಿಯುವ ಶಕ್ತಿ ಎಷ್ಟು ಹೋಗಿದೆ ಅನ್ನೋದೂ ಒಂದೇ ಅಲ್ಲ ಅಂತ ಕೋರ್ಟ್ ಹೇಳಿತು. ಎಡಗೈ ಹೋದ ಬಡಗಿ ಅಥವಾ ಚಾಲಕನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತೆ, ಅದೇ ಕೈ ಹೋದ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ತಲೆಪೆಟ್ಟಿನವರಿಗೆ ಇದು ಇನ್ನೂ ಹೆಚ್ಚು ಅನ್ವಯ ಆಗುತ್ತೆ ಅಂತ ನನಗನ್ನಿಸುತ್ತೆ, ಯಾಕೆಂದರೆ ಅವರ ಊನ ಕಾಣೋದೇ ಕೆಲಸಕ್ಕೆ ನಿಂತಾಗ. ಅದಕ್ಕೆ ಎರಡು ಕಾಗದ ಬೇಕು. ಒಂದು, ನೆನಪು, ಗಮನ, ಯೋಚನೆಯನ್ನು ಅಳೆದು ಮನಶ್ಶಾಸ್ತ್ರಜ್ಞರು ಕೊಡುವ ಪರೀಕ್ಷಾ ವರದಿ. ಇನ್ನೊಂದು, ಮೊದಲು ಏನು ಕೆಲಸ, ಎಷ್ಟು ಸಂಬಳ ಇತ್ತು ಅಂತ ಮಾಲೀಕರ ಪತ್ರ. ಅಂಗಡಿಯವರು ದಯವಿಟ್ಟು ಈ ಪತ್ರ ಕೊಡಲು ಹಿಂಜರಿಯಬೇಡಿ.

ಒಬ್ಬರೇ ಜಾರಿ ಬಿದ್ದಿದ್ದರೆ, ಸ್ವಂತ ಬೈಕಿನ ವಿಮೆಯಲ್ಲಿ ಮಾಲೀಕ-ಚಾಲಕರ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆಯಾ ನೋಡಿ. ಶಾಶ್ವತವಾಗಿ ಪೂರ್ತಿ ಅಂಗವಿಕಲರಾದವರಿಗೂ ಅದು ಬರುತ್ತೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಸುರಕ್ಷಾ ಬಿಮಾ ಯೋಜನೆ ಮೇಲೆ ಜಾಸ್ತಿ ಆಸೆ ಇಡಬೇಡಿ. ಅದು ಸಾವು ಬಿಟ್ಟರೆ ಕಣ್ಣು, ಕೈ, ಕಾಲಿನ ಲೆಕ್ಕ ನೋಡುತ್ತೆ. ನೆನಪು ಹೋದದ್ದಕ್ಕೆ ಅದರಲ್ಲಿ ಲೆಕ್ಕ ಇಲ್ಲ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ, ಮನೆಯಲ್ಲಿ ಕೂತ ತಿಂಗಳುಗಳ ಕೂಲಿ ಸಿಗಲ್ಲ.

ಸರ್ಕಾರಿ ನೌಕರರಿಗೆ ಮಾತ್ರ ಗಟ್ಟಿ ರಕ್ಷಣೆ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20(4)ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಳೇ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅಂಗಡಿ, ಹೋಟೆಲ್, ಮಂಡಿ ಕೆಲಸದವರಿಗೆ ಈ ಕಲಂ ಇಲ್ಲ.

ಅದೇ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದಾರೆ. 'ತಲೆಪೆಟ್ಟು' ಅಂತ ಬೇರೆ ಹೆಸರಿಲ್ಲ. ಪೆಟ್ಟಿನಿಂದ ಉಳಿದದ್ದು ಏನು, ಕೈಕಾಲಿನ ಬಲವೋ, ಮಾತೋ, ನೆನಪು-ಮನಸ್ಸಿನದ್ದೋ ಅನ್ನೋದರ ಮೇಲೆ ಪ್ರಮಾಣಪತ್ರ ಕೊಡ್ತಾರೆ. ಶೇ 40 ಅಥವಾ ಹೆಚ್ಚು ಇದ್ದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ. ಯು.ಡಿ.ಐ.ಡಿ. ಕಾರ್ಡ್‌ಗೆ ಆನ್‌ಲೈನ್ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿ.ಆರ್.ಡಬ್ಲ್ಯೂ. ಅಂತಾರೆ ಅವರನ್ನ. ತಾಲ್ಲೂಕು ಪಂಚಾಯಿತಿಯಲ್ಲಿ ಎಂ.ಆರ್.ಡಬ್ಲ್ಯೂ. ಇರ್ತಾರೆ.

ಎಲ್ಲಿ ತೋರಿಸೋದು

ನಮ್ಮವರು ಹೋಗೋದು ಶಿವಮೊಗ್ಗದ ಮೆಗ್ಗಾನ್‌ಗೆ, ಇಲ್ಲಾ ಘಾಟಿ ಇಳಿದು ಮಣಿಪಾಲಕ್ಕೆ. ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಮುಂದಿನ ಸಲ ಹೋದಾಗ ತಲೆನೋವಿನ ಮಾತಷ್ಟೇ ಆಡಬೇಡಿ. "ಯಾವಾಗಿಂದ, ಯಾವ ಕೆಲಸ ಮಾಡಬಹುದು, ಯಾವುದು ಮಾಡಬಾರದು" ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ನೋಡಿದ ಮೇಲೆ ಮಾಲೀಕರ ಮಾತೂ ಬದಲಾಗುತ್ತೆ. ನೆನಪು, ಗಮನಕ್ಕೆ ಮತ್ತೆ ತರಬೇತಿ ಕೊಡುವ ವ್ಯವಸ್ಥೆ ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗದಲ್ಲಿದೆ. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಮನಸ್ಸು ಕುಗ್ಗಿದ್ದರೆ, ಸಿಟ್ಟು ಮನೆಯವರಿಗೆ ತಡೆಯಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಹೆಂಡತಿಯರು, ಅಮ್ಮಂದಿರು ತಮಗಾಗಿಯೂ ಫೋನ್ ಮಾಡಬಹುದು.

ನಮ್ಮ ಅಣ್ಣ ಒಂದೂವರೆ ವರ್ಷ ಮನೆಯಲ್ಲಿದ್ದ. ಈಗ ಪರಿಚಯದವರೊಬ್ಬರ ಮನೆಯಂಗಳದಲ್ಲಿ ಅಡಿಕೆ ಆರಿಸುವ ಕೆಲಸಕ್ಕೆ ಹೋಗ್ತಾನೆ. ಬೆಳಿಗ್ಗೆ ಒಂಬತ್ತರಿಂದ ಒಂದು ಗಂಟೆವರೆಗೆ. ಮಧ್ಯಾಹ್ನ ಊಟ ಮಾಡಿ ಮಲಗ್ತಾನೆ. ಜೇಬಲ್ಲಿ ನೋಟ್‌ಬುಕ್ಕು ಇರುತ್ತೆ. ಮೊನ್ನೆ ಆ ಮನೆಯವರು ಲೆಕ್ಕವನ್ನೂ ನೀನೇ ಬರ್ಕೋ ಮಾರಾಯ ಅಂದರಂತೆ. ಇವನು ಇನ್ನೂ ಎರಡು ತಿಂಗಳು ಬೇಡ ಅಂದಿದಾನೆ.